ಕನ್ನಡದಲ್ಲಿ ಬರೆದ ದುವಾ

ಶಿಡ್ಲಘಟ್ಟ
೧೪-೧೧-೨೦೨೪, ಗುರುವಾರ

ನನ್ನ ಕಂದ ಸಾಬ್ರೀನ್‌ಗೆ,

ಅಸ್ಸಲಾಮು ಅಲೈಕುಂ. ನಿನ್ನ ಅಮ್ಮಿ ಬರೆಯುತ್ತಿದ್ದೇನೆ.

‘ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಕಾಗದದ ಮೊದಲ ಸಾಲು ಇರಬೇಕೆಂದು ತೊಂಡೇಬಾವಿಯ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದರು. ಆ ಸಾಲನ್ನು ಬರೆದೆ, ಹಾಳೆ ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ನಿನ್ನ ಕ್ಷೇಮ ಕೇಳುವುದಕ್ಕೆ ನನಗೆ ಭಯವಾಗುತ್ತದೆ. ನೀನು ‘ಚೆನ್ನಾಗಿದ್ದೇವೆ ಅಮ್ಮಿ’ ಅನ್ನುತ್ತೀಯ ಎಂದೇ ಭಯ.

ಶನಿವಾರ ನೀನು ಫೋನ್ ಇಟ್ಟ ಮೇಲೆ ಮತ್ತೆ ನಿನ್ನ ದನಿ ಕೇಳಿಲ್ಲ. ನಿನ್ನ ತಂಗಿ ಬುಷ್ರಾ ದಿನವೂ ಮೆಸೇಜು ಹಾಕುತ್ತಿದ್ದಾಳೆ. ಅವುಗಳ ಪಕ್ಕದಲ್ಲಿ ಎರಡು ಗೆರೆ ಬಂದಿವೆ, ಅಂದರೆ ಆಪಾಗೆ ತಲುಪಿವೆ ಎಂದು ಹೇಳಿದಳು. ಅಷ್ಟು ಕೇಳಿ ಒಂದು ಲೋಟ ನೀರು ಕುಡಿದೆ. ನೀನು ಕೋಪ ಮಾಡಿಕೊಂಡಿದ್ದೀಯ. ಇರಲಿ. ಕೋಪ ಮಾಡಿಕೊಳ್ಳುವಷ್ಟು ಚೆನ್ನಾಗಿದ್ದೀಯಲ್ಲ ಎಂದು ಅಲ್ಲಾಹನಿಗೆ ಶುಕ್ರ್ ಹೇಳಿದೆ.

ಈ ಕಾಗದವನ್ನು ಅಂಚೆಗೆ ಹಾಕಲು ನನ್ನ ಹತ್ತಿರ ನಿನ್ನ ವಿಳಾಸವಿಲ್ಲ. ಪುಟಗಳ ಫೋಟೊ ತೆಗೆದು ಕಳಿಸು, ಆದರೆ ಓದಬೇಡ ಎಂದು ಬುಷ್ರಾಗೆ ಹೇಳಿದ್ದೇನೆ. ಫೋನಿನಲ್ಲಿ ಮಾತಾಡಿದರೆ ನೀನು ನಡುವೆ ಸುಳ್ಳು ಹೇಳುತ್ತೀಯ, ನಾನು ನಂಬಿದ ಹಾಗೆ ಮಾಡುತ್ತೇನೆ. ಕಾಗದದಲ್ಲಿ ಆ ತೊಂದರೆ ಇಲ್ಲ.

ನಿನ್ನ ಅಬ್ಬಾ ಹೋಗಿ ಒಂಬತ್ತು ತಿಂಗಳಾಯಿತು. ನಾನು ಸಂಜೆ ನಾಲ್ಕು ಸಾಲು ಬರೆದಿಡುವುದು ನಿನಗೆ ಗೊತ್ತು. ಅವರಿದ್ದಾಗ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ರೇಟು ಎಷ್ಟಾಯಿತು, ಯಾರು ಮನೆಗೆ ಬಂದರು, ಸಾರಿಗೆ ಏನು ಹಾಕಿದೆ ಎಂದು ಬರೆಯುತ್ತಿದ್ದೆ. ಅವರು ಹೋದ ಮೇಲೆ ಏನು ಬರೆಯಬೇಕೋ ತೋಚದೆ ತುಂಬ ದಿನ ಪೆನ್ನೇ ಮುಟ್ಟಲಿಲ್ಲ. ಈಗ ನಿಮ್ಮೂರಿನ ಚಳಿ ಬರೆಯುತ್ತೇನೆ. ಬುಷ್ರಾ ನನ್ನ ಫೋನಿನಲ್ಲಿ ನಿಮ್ಮ ಊರಿನ ಹೆಸರು ಹಾಕಿ ಕೊಟ್ಟಿದ್ದಾಳೆ. ಫಜರ್ ನಮಾಜಿಗೆ ಎದ್ದ ಕೂಡಲೇ ನೋಡುತ್ತೇನೆ. ಸೋಮವಾರ ನಾಲ್ಕು ಇತ್ತು. ಮೊನ್ನೆ ಸೊನ್ನೆ. ನಿನ್ನೆ ಎರಡು ಎಂದಿತ್ತು, ಹಿಂದೆ ಒಂದು ಚಿಕ್ಕ ಗೆರೆ. ಇದೇನೇ ಗೆರೆ ಎಂದು ಬುಷ್ರಾನ ಕೇಳಿದೆ. “ನೀರು ಕಲ್ಲಾಗೋದಕ್ಕಿಂತ ಕೆಳಗೆ ಅಂತ ಅಮ್ಮಿ” ಅಂದಳು. ನನ್ನ ಜೀವನವೆಲ್ಲ ಕುದಿಯುವ ನೀರಿನ ಮುಂದೆ ಕೂತು ಗೂಡಿನಿಂದ ನೂಲು ತೆಗೆದವಳು ನಾನು. ಬೆರಳು ಬೆಂದರೆ ಏನು ಹಚ್ಚಬೇಕು ಎಂದು ಗೊತ್ತು. ನೀರು ಕಲ್ಲಾಗುವ ಊರಿನಲ್ಲಿ ಮಗಳಿಗೆ ಏನು ಮಾಡಬೇಕೋ ನನಗೆ ಯಾರೂ ಕಲಿಸಲಿಲ್ಲ.

ಶನಿವಾರ ನೀನು ಕೇಳಿದೆಯಲ್ಲ, “ನಿಮಗೆ ಯಾರು ಹೇಳಿದ್ರು? ಅವರಣ್ಣನ ಹೆಂಡತಿ ತಾನೆ?” ಎಂದು. ಯಾರೂ ಹೇಳಲಿಲ್ಲ ಕಂದ. ನನಗೆ ತಾನಾಗಿಯೇ ತಿಳಿಯಿತು. ಹೇಗೆ ಎಂದು ಬರೆಯುತ್ತೇನೆ, ನಮ್ಮ ಅಳಿಯ ಜಾಹಿದ್‌ನ ಅಣ್ಣನ ಮನೆಯವರ ಮೇಲೆ ನಿನ್ನ ಸಿಟ್ಟು ತಿರುಗದಿರಲಿ. ಇರುವ ಸಿಟ್ಟೇ ಸಾಕು.

ಆಗಸ್ಟಿನಲ್ಲಿ ನೀನು ರಜಾಯಿ ಹೊಲಿಯುವುದು ಹೇಗೆ ಎಂದು ಕೇಳಿದೆ. ನೆನಪಿದೆಯಾ? ಹೋದ ವರ್ಷ ನೀನೇ ಹೇಳಿದ್ದೆ, ಅಲ್ಲಿ ಮನೆಯ ಗೋಡೆಯಿಂದಲೇ ಬಿಸಿಗಾಳಿ ಬರುತ್ತದೆ, ಹಿಮ ಬಿದ್ದರೂ ಒಳಗೆ ತೆಳು ಬಟ್ಟೆಯಲ್ಲಿ ಇರುತ್ತೇವೆ ಎಂದು. ಮತ್ತೆ ರಜಾಯಿ ಯಾಕೆ ಎಂದು ನಾನು ಕೇಳಲಿಲ್ಲ. ಮಗಳು ಅಮ್ಮನ ಕೈಕೆಲಸ ಕೇಳಿದ್ದಾಳೆ ಎಂದು ಹಿಗ್ಗಿ, ನಾನೇ ಹೊಲಿದು ಕಳಿಸುತ್ತೇನೆ ಎಂದುಬಿಟ್ಟೆ. ನೂಲು ತೆಗೆದ ಮೇಲೆ ಉಳಿಯುವ ಒರಟು ರೇಷ್ಮೆಯನ್ನು ತೊಳೆದು, ಒಣಗಿಸಿ, ಕೈಯಲ್ಲಿ ಬಿಡಿಸಿ ತುಂಬಿದೆ. ಅಬ್ಬಾನ ಹಳೇ ಎರಡು ಲುಂಗಿ ಒಳಪದರಕ್ಕೆ ಹಾಕಿದೆ. ಮೊಮ್ಮಗಳು ಅಲ್ಫಿಯಾಗೆ ಎಂದು ಒಂದು ಮೂಲೆಗೆ ಹಳದಿ ದಾರದಲ್ಲಿ ಗಿಳಿ ಹೊಲಿದೆ. ಅಂಚೆಯಲ್ಲಿ ಕಳಿಸಿದೆವು. ‘ಬಂತಾ?’ ಎಂದರೆ ‘ಬರುತ್ತೆ ಅಮ್ಮಿ, ಇಲ್ಲಿ ಲೇಟ್’ ಎನ್ನುತ್ತಿದ್ದೆ.

ಅಕ್ಟೋಬರ್ ಕೊನೆಯಲ್ಲಿ ಅಂಚೆಯ ಕೊಂಡಪ್ಪ ಆ ಗಂಟನ್ನೇ ಸೈಕಲ್ಲಿಗೆ ಕಟ್ಟಿಕೊಂಡು ಬಂದರು. “ಅಮ್ಮಾ, ನಿಮ್ ಪಾರ್ಸಲ್ಲು ಅಮೆರಿಕಾ ನೋಡ್ಕೊಂಡ್ ಬಂದ್ಬಿಡ್ತು, ನಮ್ಗಿಂತ ಅದೇ ವಾಸಿ” ಎಂದು ನಗಿಸಲು ನೋಡಿದರು. ನನ್ನ ಮುಖ ನೋಡಿ ಗಂಟನ್ನು ಕೆಳಗಿಳಿಸಿದರು. ಮೇಲೆ ಇಂಗ್ಲಿಷಿನಲ್ಲಿ ಹಳದಿ ಚೀಟಿ ಅಂಟಿಸಿತ್ತು. ಆ ವಿಳಾಸದಲ್ಲಿ ಆ ಹೆಸರಿನವರು ಯಾರೂ ಇಲ್ಲ ಎಂದು ಓದಿ ಹೇಳಿದರು.

ಮನೆ ಬದಲಿಸಿರಬಹುದು ಎಂದುಕೊಂಡೆ. ಮನೆ ಬದಲಿಸಿದ ಮಗಳು ಅಮ್ಮನಿಗೆ ಯಾಕೆ ಹೇಳುವುದಿಲ್ಲ? ನಿಮ್ಮ ಹೊಸ ಕರ್ಟನ್ನಿನ ಬಣ್ಣವನ್ನೂ ತೋರಿಸುತ್ತಿದ್ದವಳು ನೀನು.

ಆಮೇಲೆ ನನ್ನ ಕಣ್ಣು ಬೇರೆಯಾಯಿತು. ನೀನು ಫೋನ್ ಮಾಡಿದಾಗಲೆಲ್ಲ ಕಾರಿನಲ್ಲಿ ಇರುತ್ತೀಯ. ಅಂಗಡಿಗೆ ಹೊರಟೆ, ಅಲ್ಫಿಯಾನ ಕರೆಯಲು ಹೊರಟೆ, ಜಾಹಿದ್ ಬರುವುದನ್ನು ಕಾಯುತ್ತಿದ್ದೇನೆ. ನಿನ್ನ ಭುಜದ ಹಿಂದೆ ಅದೇ ಬೂದು ಸೀಟು, ಅದರ ಹಿಂದೆ ಮಡಿಸಿಟ್ಟ ಬಟ್ಟೆಗಳು. ಇಸ್ತ್ರಿ ಮಾಡಲು ಕೊಡಬೇಕು ಎಂದು ಒಮ್ಮೆ ಹೇಳಿದ್ದೆ. ಅದೇ ಬಟ್ಟೆ, ಅದೇ ಮಡಿಕೆ, ಮೂರು ವಾರ ಅಲ್ಲೇ ಇತ್ತು.

ಒಂದು ದಿನ ವೀಡಿಯೊ ಹಾಕಲಿಲ್ಲ. ನೆಟ್ ಸರಿಯಿಲ್ಲ, ಬೆಡ್‌ರೂಮಿನಲ್ಲಿದ್ದೇನೆ, ಅಲ್ಫಿಯಾ ಮಲಗಿದ್ದಾಳೆ ಎಂದು ಮೆಲ್ಲಗೆ ಮಾತಾಡಿದೆ. ನಿನ್ನ ಮಾತಿನ ಹಿಂದೆ ಮಳೆ ಬೀಳುತ್ತಿತ್ತು. ಮಳೆಯಾ ಎಂದು ನಾನು ಕೇಳಿದೆ. ಟಿವಿ ಎಂದೆ ನೀನು. ಸಾಬ್ರೀನ್, ನಾನು ಮದುವೆಯಾಗಿ ಬಂದ ದಿನದಿಂದ ತಗಡಿನ ಶೆಡ್ಡಿನ ಕೆಳಗೆ ಕೂತವಳು. ನಿನ್ನನ್ನು ಹೆತ್ತು ಹದಿನೈದನೇ ದಿನಕ್ಕೆ ಅದೇ ತಗಡಿನ ಕೆಳಗೆ ತೊಟ್ಟಿಲು ಕಟ್ಟಿದವಳು. ಹೆಂಚಿನ ಮೇಲೆ ಬೀಳುವ ಮಳೆ ಯಾವುದು, ಸಿಮೆಂಟಿನ ಮೇಲೆ ಬೀಳುವುದು ಯಾವುದು, ತಲೆಯ ಮೇಲೆ ಒಂದು ಗೇಣಿನ ದೂರದಲ್ಲಿ ತಗಡಿನ ಮೇಲೆ ಬೀಳುವುದು ಯಾವುದು ಎಂದು ನನಗೆ ತಿಳಿಯುವುದಿಲ್ಲವೇ? ‘ಸರಿ, ಮಲಗು’ ಎಂದೆ. ಎಲ್ಲಿ ಮಲಗು ಎಂದು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಅದಾದ ಮೇಲೆ ಅಲ್ಫಿಯಾ. ನೀನು ಎಲ್ಲಿಗೋ ಇಳಿದು ಹೋಗಿದ್ದೆ, ಫೋನ್ ಅವಳ ಕೈಯಲ್ಲಿತ್ತು. ಹಲ್ಲು ಬಿದ್ದ ಜಾಗ ತೋರಿಸಿದಳು, ಸ್ಕೂಲಿನ ಸ್ವೆಟರ್ ತೋರಿಸಿದಳು. ಆಮೇಲೆ ಕೇಳಿದಳು, “ನಾನಿ, ನಿಮ್ಮನೇಲಿ ಬಾತ್‌ರೂಮ್ ರಾತ್ರೀನೂ ಓಪನ್ ಇರತ್ತಾ?” ಇರುತ್ತೆ ಕಂದಾ ಎಂದೆ. “ಯಾರಿಗೂ ಕೇಳ್ದೇನೇ ಹೋಗ್ಬೋದಾ?” ಹೋಗಬಹುದು ಎಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, “ನಿಮ್ಮನೆ ಸೂಪರ್” ಎಂದಳು. ಎಂಟು ವರ್ಷದ ಮಗು. ನೀನು ಬಂದು ಫೋನ್ ತೆಗೆದುಕೊಂಡೆ. ನಾನು ನಗುತ್ತಾ ಮಾತಾಡಿದೆ ಅಲ್ಲವೇ? ಆ ನಗು ಎಲ್ಲಿಂದ ಬಂತೋ ನನಗೇ ತಿಳಿಯದು.

ಈಗ ನನ್ನ ತಪ್ಪಿನ ವಿಷಯ. ನೀನು ಅರ್ಧವಷ್ಟೇ ಕೇಳಿದ್ದೀಯ, ಅದೂ ಜಾಹಿದ್‌ನ ಚಿಂತಾಮಣಿಯ ನೆಂಟರ ಬಾಯಿಂದ. ಪೂರ್ತಿ ಕೇಳು.

ನಾನು ಯಾರಿಗೂ ಹೇಳಲಾರದೆ ಹೋದೆ. ಬುಷ್ರಾಗೆ ಹೇಳಿದರೆ ಅವಳ ನಿಕಾಹ್ ಹತ್ತಿರವಿದೆ, ಹೆದರುತ್ತಾಳೆ. ಮದುವೆ ಹುಡುಗ ಅರ್ಮಾನ್‌ನ ಮನೆಯವರೂ ಚಿಂತಾಮಣಿಯವರೇ, ಮಾತುಕತೆಯ ದಿನವೇ “ದೊಡ್ಡ ಮಗಳು ಅಮೆರಿಕಾದಲ್ಲಿದ್ದಾಳೆ, ನಾಳೆ ಇವರನ್ನೂ ಕರೆಸ್ಕೋತಾಳೆ” ಎಂದು ನಗುತ್ತಾ ಹೇಳಿದ್ದವರು. ಅಬ್ಬಾ ಇದ್ದಿದ್ದರೆ ಅವರಿಗೆ ಹೇಳುತ್ತಿದ್ದೆ. ಅವರು ಬೀಡಿ ಹಚ್ಚಿಕೊಂಡು ಹೊರಗೆ ಹೋಗಿ, ಬರುವಾಗ ಏನಾದರೂ ದಾರಿ ತರುತ್ತಿದ್ದರು.

ನಮ್ಮ ಮಸೀದಿಯ ಬಾಗಿಲಲ್ಲಿ ಡಬ್ಬಿ ಇದೆಯಲ್ಲ, ದುವಾ ಬೇಕಾದವರು ಚೀಟಿ ಬರೆದು ಹಾಕುವುದು. ಜುಮ್ಮಾ ದಿನ ಇಮಾಮ್ ಸಾಹೇಬರು ಒಂದೊಂದೇ ಓದುತ್ತಾರೆ, ಹೆಸರು ಹಾಕಬೇಕೆಂದಿಲ್ಲ. ಒಬ್ಬರಿಗೆ ಕಾಯಿಲೆ, ಒಬ್ಬರಿಗೆ ಪರೀಕ್ಷೆ, ಜಮಾತ್ ಪೂರ್ತಿ ಆಮೀನ್ ಅನ್ನುತ್ತದೆ. ಅಷ್ಟು ಜನರ ಬಾಯಿಂದ ಒಂದು ಆಮೀನ್ ನಿನಗೆ ಸಿಗಲಿ ಎಂದು ಆಸೆಯಾಯಿತು. ಹೆಸರಿಲ್ಲದೆ ಬರೆದೆ: ‘ಪರದೇಶದಲ್ಲಿ ಮನೆಯಿಲ್ಲದೆ ಕಾರಿನಲ್ಲಿ ಮಲಗುವ ಒಬ್ಬ ಮಗಳಿಗೂ ಅವಳ ಗಂಡನಿಗೂ ಎಂಟು ವರ್ಷದ ಮಗುವಿಗೂ ಈ ಚಳಿಗಾಲದಲ್ಲಿ ಒಂದು ಸೂರು ಸಿಗಲಿ.’ ನಾಲ್ಕು ಮಡಿಕೆ ಮಡಿಸಿ ಡಬ್ಬಿಗೆ ಹಾಕಿ ಬಂದೆ. ಬಹಳ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಬರೆದದ್ದು ಕನ್ನಡದಲ್ಲಿ.

ನನಗೆ ಬೇರೆ ಬರೆಯಲು ಎಲ್ಲಿ ಬರುತ್ತದೆ? ನಮ್ಮಪ್ಪ ತೊಂಡೇಬಾವಿ ಸ್ಟೇಷನ್ನಿನಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲಿದ್ದದ್ದು ಒಂದೇ ಕನ್ನಡ ಶಾಲೆ. ಏಳನೇ ತರಗತಿವರೆಗೆ ಓದಿದೆ. ಈ ಮೊಹಲ್ಲಾದಲ್ಲಿ ನನ್ನ ವಯಸ್ಸಿನ ಹೆಂಗಸರೆಲ್ಲ ಉರ್ದು ಶಾಲೆಯವರು. ಬಂದ ಹೊಸದರಲ್ಲಿ ನನ್ನನ್ನು ‘ಕನ್ನಡ ದಿಲ್ಷಾದ್’ ಎಂದು ಅವರು ಕರೆಯುತ್ತಿದ್ದದ್ದನ್ನು ನಿನಗೆ ಹೇಳಿದ್ದೇನೆ. ನಿನಗೂ ಶೆಡ್ಡಿನ ಒದ್ದೆ ನೆಲದ ಮೇಲೆ ಬೆರಳಿನಿಂದ ಅ ಆ ತಿದ್ದಿಸಿದವಳು ನಾನೇ. ಅದೆಲ್ಲ ಚೀಟಿ ಬರೆಯುವಾಗ ತಲೆಗೆ ಹೊಳೆಯಲೇ ಇಲ್ಲ.

ಇಮಾಮ್ ಸಾಹೇಬರು ಬಿಹಾರದ ಕಡೆಯವರು. ಚೀಟಿ ಬಿಡಿಸಿ ನೋಡಿ, ಓದಲಾಗದೆ, ಮುಂದಿನ ಸಾಲಿನಲ್ಲಿದ್ದ ರಿಟೈರಾದ ಮೇಷ್ಟ್ರಿಗೆ ಕೊಟ್ಟಿದ್ದಾರೆ. ಮೇಷ್ಟ್ರು ಮೈಕಿನ ಹತ್ತಿರ ಬಂದು, ಪಾಠ ಓದಿದ ಹಾಗೆ ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಉರ್ದುವಿನಲ್ಲಿ ಹೇಳಿದರು. ನಾನು ಮನೆಯಲ್ಲಿ ನಮಾಜಿನ ಚಾಪೆ ಹಾಸಿಕೊಂಡು ಕೂತಿದ್ದೆ. ನನ್ನ ಅಕ್ಷರ ಲೌಡ್‌ಸ್ಪೀಕರಿನಿಂದ ಬಂತು. ಆಮೀನ್ ಎನ್ನುವುದೂ ಕೇಳಿತು, ದೊಡ್ಡ ಆಮೀನ್. ಆದರೆ ಅದಕ್ಕೆ ಮೊದಲು ಒಂದು ಕ್ಷಣ ಎಲ್ಲ ನಿಂತ ಹಾಗಾಯಿತು. ಮೊಹಲ್ಲಾದಲ್ಲಿ ಕನ್ನಡದಲ್ಲಿ ಚೀಟಿ ಬರೆಯುವವಳು ಯಾರು, ಪರದೇಶದಲ್ಲಿ ಮಗಳಿರುವವಳು ಯಾರು ಎಂದು ಕೂಡಿಸಿ ನೋಡಲು ಎಷ್ಟು ಹೊತ್ತು ಬೇಕು? ಬುಷ್ರಾ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು.

ಸಂಜೆಯ ಹೊತ್ತಿಗೆ ಹಾಲಿನಂಗಡಿಯಲ್ಲಿ ಒಬ್ಬಳು, “ಅಮೆರಿಕಾದಲ್ಲಿ ಮನೆಗೇ ಚಕ್ರ ಇರ್ತಾವಂತೆ, ನಮಗೇನು ಗೊತ್ತು!” ಎಂದದ್ದು ನನ್ನ ಕಿವಿಗೆ ಬೀಳುವ ಹಾಗೇ ಎಂದಳು. ಹಾಲು ತೆಗೆದುಕೊಳ್ಳದೆ ವಾಪಸು ಬಂದೆ.

ಮರುದಿನ ನಿನ್ನ ಫೋನ್ ಬಂತು. ನಾನು ಸಲಾಂ ಹೇಳುವ ಮೊದಲೇ “ಅಮ್ಮಿ, ಮೈಕಲ್ಲಿ ನಮ್ಮ ಮಾನ ಕಳೆದ್ರಾ?” ಎಂದೆ. ನಿನ್ನ ಪಕ್ಕದಲ್ಲಿ ಜಾಹಿದ್ ಕೂಗುತ್ತಿದ್ದದ್ದು ಕೇಳಿಸಿತು. “ನನ್ನ ಹೆಸರೂ, ನಮ್ಮಪ್ಪನ ಹೆಸರೂ ಹಾಕ್ಸಿ ಓದ್ಸಿ ಅಂತ ಹೇಳು ನಿಮ್ಮ ಅಮ್ಮಿಗೆ!” ನಾನು ಒಂದೇ ಮಾತು ಕೇಳಿದೆ, ನೀವು ಕಾರಿನಲ್ಲೇ ಇದ್ದೀರಾ ಎಂದು. ನೀನು ಫೋನ್ ಇಟ್ಟೆ. ನೀನು ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೂ ನಾನು ಇಷ್ಟು ಹೆದರುತ್ತಿರಲಿಲ್ಲ.

ಜಾಹಿದ್ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಓದಿ ಹೇಳು. ಅವನ ಅಣ್ಣ ಅಮೆರಿಕಾದಿಂದ ಹಾಕಿದ ವೀಸಾ ಅರ್ಜಿ ಹದಿನೇಳು ವರ್ಷ ಕಾಯಿಸಿ ಬಂತು. ಅಷ್ಟು ವರ್ಷ ಕಾದದ್ದನ್ನು ಯಾರು ಬೇಡ ಎನ್ನುತ್ತಾರೆ? ಚಿಂತಾಮಣಿಯಲ್ಲಿ ಬೈಕಿನ ಸ್ಪೇರ್‌ಪಾರ್ಟ್ಸ್ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು, ಮಾರಬೇಡ ಎಂದು ಅಬ್ಬಾ ಒಂದು ಸಲ ಹೇಳಿದರು, ಎರಡನೇ ಸಲ ಹೇಳಲಿಲ್ಲ. ಮಾರಿದ ಹಣವನ್ನೆಲ್ಲ ಅಣ್ಣನ ಪೆಟ್ರೋಲ್ ಬಂಕಿನ ಅಂಗಡಿಗೆ ಹಾಕಿದ, ಅದು ಮುಚ್ಚಿತು, ಅಣ್ಣ ತಮ್ಮಂದಿರ ಮಾತೂ ಮುಚ್ಚಿತು. ಇಷ್ಟು ನೀನು ಹೇಳಿದ್ದೆ. ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟದ್ದನ್ನು ಹೇಳಲಿಲ್ಲ. ಹಗಲೆಲ್ಲ ಅದೇ ಕಾರಿನಲ್ಲಿ ಊರವರಿಗೆ ಊಟ ತಲುಪಿಸಿ, ಸಂಜೆ ಅದೇ ಕಾರಿನಲ್ಲಿ ಹೆಂಡತಿ ಮಗುವನ್ನು ಮಲಗಿಸಿ, ತಾನು ಕೂತೇ ನಿದ್ದೆ ಮಾಡುವ ಗಂಡಸಿನ ಮೇಲೆ ಯಾರು ಕೋಪ ಮಾಡಿಕೊಳ್ಳುತ್ತಾರೆ? ಅವನು ಸೋಮಾರಿಯಾಗಿದ್ದರೆ ಬೈಯುತ್ತಿದ್ದೆ.

ನನಗೆ ಭಯವಿರುವುದು ಬೇರೆ. ಇದನ್ನು ಎರಡು ಸಲ ಓದು.

ಅಬ್ಬಾನ ಹತ್ತಿರ ಕೆಲಸಕ್ಕಿದ್ದ ಮಂಡಿಕಲ್ಲಿನ ವೆಂಕಟರವಣಪ್ಪನನ್ನು ನೀನು ಬಲ್ಲೆ. ಅವನಿಗೊಬ್ಬ ತಮ್ಮನಿದ್ದ, ನೀನು ಆಗ ಚಿಕ್ಕವಳು. ಒಂದು ಪುಷ್ಯದ ಚಳಿಯಲ್ಲಿ ಆ ಹುಡುಗ ಒಲೆಯ ಕೆಂಡವನ್ನು ಬಾಣಲೆಗೆ ಹಾಕಿಕೊಂಡು ಗೂಡು ಇಡುವ ಕೋಣೆಗೆ ಹೋಗಿ, ಬಾಗಿಲು ಹಾಕಿ, ಸಂದಿಗೆ ಗೋಣಿಚೀಲ ಸಿಕ್ಕಿಸಿ ಮಲಗಿದ. ಬೆಳಿಗ್ಗೆ ಏಳಲಿಲ್ಲ. ಮುಖದಲ್ಲಿ ಒಂದು ಕಷ್ಟವೂ ಇರಲಿಲ್ಲ, ಬೆಚ್ಚಗೆ ಮಲಗಿದವನ ಮುಖ. ನಾನೇ ನೋಡಿದೆ. ಅಬ್ಬಾ ಮಧ್ಯಾಹ್ನವೇ ಹಾರೆ ತೆಗೆದುಕೊಂಡು ಆ ಕೋಣೆಯ ಗೋಡೆಗೆ ಒಂದು ಕಿಂಡಿ ಹೊಡೆದರು. ಮಳೆ ಒಳಗೆ ಬರುತ್ತದೆ ಎಂದು ನಾನು ಎಷ್ಟು ಸಲ ಗೊಣಗಿದರೂ ಮುಚ್ಚಲಿಲ್ಲ. ಇವತ್ತಿಗೂ ಇದೆ.

ಕಾರಿನ ಎಂಜಿನ್ ಓಡಿಸಿಕೊಂಡು, ಹೀಟರ್ ಹಾಕಿಕೊಂಡು, ಗಾಜು ಪೂರ್ತಿ ಏರಿಸಿ ಮಲಗಬೇಡಿ. ಎಷ್ಟೇ ಚಳಿಯಿರಲಿ ಒಂದು ಕಿಟಕಿ ಒಂದು ಬೆರಳಿನಷ್ಟು ತೆರೆದಿರಲಿ. ಅಲ್ಫಿಯಾನ ನಡುವೆ ಮಲಗಿಸಿಕೊಳ್ಳಿ. ಹಿಮ ಬಿದ್ದರೆ ಹೊಗೆ ಹೋಗುವ ಕೊಳವೆ ಮುಚ್ಚಿಹೋಗುತ್ತದೆ ಎಂದು ಬುಷ್ರಾ ಎಲ್ಲೋ ಓದಿದ್ದಾಳೆ, ಅದನ್ನು ನೋಡಿಕೊಳ್ಳಲು ಜಾಹಿದ್‌ಗೆ ಹೇಳು. ಕಣ್ಣು ಮುಚ್ಚಿದರೆ ನನಗೆ ಆ ಹುಡುಗನ ಮುಖ ಬರುತ್ತದೆ. ನೋಡುತ್ತಾ ನೋಡುತ್ತಾ ಅದು ಬೇರೆಯ ಮುಖವಾಗುತ್ತದೆ. ಯಾರದು ಎಂದು ಬರೆಯುವುದಿಲ್ಲ.

ಈಗ ನಿನಗೆ ಗೊತ್ತಿಲ್ಲದ ಇನ್ನೊಂದು ವಿಷಯ. ನಮ್ಮ ಮಾನ ಹೋಯಿತು ಎಂದೆಯಲ್ಲ, ಅದರ ಕಥೆ.

ಜುಮ್ಮಾ ದಿನ ಕತ್ತಲಾಗಿ ಮಗ್ರಿಬ್ ನಮಾಜು ಆದ ಮೇಲೆ ಹಿತ್ತಲ ಬಾಗಿಲು ಯಾರೋ ತಟ್ಟಿದರು. ಬೇಕರಿಯವರ ಹೆಂಡತಿ. ಅವಳ ಮಗ ಸೌದಿಯಲ್ಲಿ ಬಿಳಿ ಕಾರಿಗೆ ಒರಗಿ ನಿಂತ ಫೋಟೊವನ್ನು ಅಂಗಡಿಯ ಗಾಜಿಗೆ ಅಂಟಿಸಿಕೊಂಡಿದ್ದಾಳಲ್ಲ, ನೀನೂ ನೋಡಿದ್ದೀಯ. ಬಂದು ಕೂತಳು. ಟೀ ಬೇಡವೆಂದಳು. “ದಿಲ್ಷಾದ್, ಆ ಬಿಳಿ ಕಾರು ಅವನದಲ್ಲ. ಅವನು ತೊಳೆಯೋ ಕಾರು” ಎಂದಳು. “ಪಾಸ್‌ಪೋರ್ಟು ಸೇಠು ಇಟ್ಕೊಂಡಿದಾನೆ. ಮೂರು ವರ್ಷ ಆಯ್ತು, ಯಾರ ಹತ್ರನೂ ಹೇಳಿಲ್ಲ. ಇವತ್ತು ನಿನ್ನ ಚೀಟಿಗೆ ಆಮೀನ್ ಅಂದಾಗ ನಾನು ನನ್ನ ಮಗನಿಗೂ ಸೇರ್ಸಿ ಅಂದ್ಬಿಟ್ಟೆ. ತಪ್ಪಾ?” ಅತ್ತಳು, ಮೂಗು ಒರೆಸಿಕೊಂಡಳು, ಹೋದಳು. ಅವಳ ಬೆನ್ನಿಗೇ ಇನ್ನೊಬ್ಬಳು. ಅವಳ ಹೆಸರು ಬರೆಯುವುದಿಲ್ಲ, ಬರೆಯುವುದಿಲ್ಲವೆಂದು ಆಣೆ ಮಾಡಿಸಿಕೊಂಡಿದ್ದಾಳೆ. ಅವಳ ಅಳಿಯ ಕೆನಡಾದಲ್ಲಿ ಓದುತ್ತಿಲ್ಲ. ಅಷ್ಟು ಬರೆದರೆ ಸಾಕು.

ನಾವೆಲ್ಲರೂ ಒಬ್ಬರಿಗೊಬ್ಬರು ಕರ್ಟನ್ನಿನ ಬಣ್ಣ ತೋರಿಸುತ್ತಾ ಕೂತಿದ್ದೆವು ಕಂದ.

ಭಾನುವಾರ ಮೇಲೂರಿನಿಂದ ರಾಮಲಕ್ಷ್ಮಮ್ಮ ಬಂದಳು. ಹುಳ ಮೇಯಿಸಿ ಗೂಡು ಮಾರಲು ಬಂದಾಗಲೆಲ್ಲ ನಮ್ಮನೆಯಲ್ಲಿ ಬ್ಯಾಗು ಇಟ್ಟು ಟೀ ಕುಡಿದು ಹೋಗುವವಳು, ನಿನ್ನನ್ನು ಸೊಂಟದಲ್ಲಿ ಎತ್ತಿಕೊಂಡು ಗೂಡಿನ ಮಾರುಕಟ್ಟೆ ಸುತ್ತಿಸಿದವಳು. ಅಲ್ಲಿವರೆಗೂ ಸುದ್ದಿ ಹೋಗಿದೆ. ಬಾಗಿಲಿನಿಂದಲೇ ಶುರು ಮಾಡಿದಳು.

“ಏನ್ ದಿಲ್ಷಾದಮ್ಮ, ಮೈಕಲ್ಲಿ ಹೇಳೋಕೆ ಮುಂಚೆ ನನ್ ಕಿವೀಲಿ ಒಂದ್ಮಾತು ಹೇಳ್ಬಾರ್ದಾಗಿತ್ತಾ? ಇಷ್ಟು ವರ್ಷ ನಿಮ್ಮನೇಲಿ ಕುಡ್ದಿರೋ ಟೀ ಎಲ್ಲಾ ನೀರಾಗೋಯ್ತಾ?”

ಹೇಳಲು ಬಾಯಿ ಬರಲಿಲ್ಲ ಎಂದೆ. “ಬಾಯಿ ಬರ್ಲಿಲ್ವಂತೆ, ಅದ್ಕೇ ಮೇಷ್ಟ್ರು ಬಾಯಲ್ಲಿ ಹೇಳ್ಸಿದ್ಲು ಮಹಾತಾಯಿ!” ಎಂದು ನಕ್ಕಳು. ನನಗೂ ನಗು ಬಂತು. ಅಷ್ಟು ದಿನಗಳ ಮೇಲೆ ಮೊದಲ ಸಲ.

ನೀನು ಮಾತಾಡುತ್ತಿಲ್ಲ ಎಂದು ಹೇಳಿದೆ. ಅವಳು ನನ್ನ ಪಕ್ಕದಲ್ಲಿ ಕೂತಳು. “ನೋಡಮ್ಮ, ಹುಳ ಜ್ವರಕ್ಕೆ ಕೂತಾಗ ನಾವು ಸೊಪ್ಪು ಹಾಕಲ್ಲ, ಮುಟ್ಟಲ್ಲ, ಕೆಣಕಲ್ಲ. ಸತ್ತಂಗೆ ತಲೆ ಎತ್ಕೊಂಡು ಕೂತಿರ್ತದೆ. ಹಳೇ ಚರ್ಮ ಬಿಟ್ಟು ಎದ್ಮೇಲೆ ತಾನೇ ಸೊಪ್ಪಿಗೆ ಬಾಯಿ ಹಾಕ್ತದೆ. ನಿನ್ ಮಗ್ಳೂ ಅಷ್ಟೆ ಕಣಮ್ಮಾ. ಬಿಡು ಸ್ವಲ್ಪ ದಿನ.”

ಜ್ವರದಲ್ಲಿ ಹುಳ ಸಾಯುವುದಿಲ್ಲವಾ ಎಂದು ಕೇಳಿದೆ.

“ಸಾಯಲ್ಲ. ಚಳಿ ಜಾಸ್ತಿ ಆಗ್ಬಾರ್ದು ಅಷ್ಟೆ. ಅದ್ಕೇ ಹುಳದ ಮನೇಗೆ ಹೀಟ್ರು…” ಎಂದವಳು ಅಲ್ಲಿಗೇ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಕೂತೇ ಇದ್ದಳು. ಮೇಲೂರಿನ ಬಸ್ಸು ಹೋಯಿತು, ಅವಳು ಏಳಲಿಲ್ಲ.

ಅದಕ್ಕೇ ಈ ಕಾಗದ. ಹುಳಕ್ಕೆ ಆದರೆ ಕಾಯಬಹುದು. ನನ್ನಿಂದ ಆಗುವುದಿಲ್ಲ.

ಬಂದುಬಿಡು ಸಾಬ್ರೀನ್. ಮೂವರೂ ಬನ್ನಿ. ಶೆಡ್ಡನ್ನು ಬಾಡಿಗೆಗೆ ಹಿಡಿದವರು ಯುಗಾದಿಗೆ ಬಿಡುತ್ತಾರೆ. ಅಬ್ಬಾನ ಮೆಷಿನ್ನುಗಳು ಅಲ್ಲೇ ಇವೆ. ಜಾಹಿದ್‌ಗೆ ನೂಲಿನ ಕೆಲಸ ಬೇಡವೆಂದರೆ ಬೀದಿ ಕಡೆಗಿರುವ ಕೋಣೆಗೆ ಷಟರ್ ಹಾಕಿಸಿ ಮತ್ತೆ ಸ್ಪೇರ್‌ಪಾರ್ಟ್ಸ್ ಇಟ್ಟುಕೊಳ್ಳಲಿ. ಚಿಂತಾಮಣಿಗೆ ಮುಖ ತೋರಿಸಲು ನಾಚಿಕೆಯಾದರೆ ತೋರಿಸುವುದೇ ಬೇಡ, ಶಿಡ್ಲಘಟ್ಟದಲ್ಲಿ ಬೈಕುಗಳಿಲ್ಲವೇ? ಟಿಕೆಟ್ಟಿನ ಹಣ ಇದೆ. ಅಬ್ಬಾ ಇಟ್ಟಿದ್ದರು, ನಿನಗೆ ಗೊತ್ತಿರಲಿಲ್ಲ. ಬುಷ್ರಾಳ ನಿಕಾಹ್‌ಗೂ ಇದಕ್ಕೂ ಸಂಬಂಧವಿಲ್ಲ. ಚಿಂತಾಮಣಿಯಿಂದ ಯಾರೂ ಏನೂ ಅಂದಿಲ್ಲ, ಜನವರಿಯಲ್ಲೇ ಇದೆ, ನೀನೇ ಬಂದು ಅವಳಿಗೆ ಮೆಹಂದಿ ಹಚ್ಚು.

ಬರುವುದಿಲ್ಲ ಎನ್ನುವುದಾದರೆ, ಜಾಹಿದ್ ಇನ್ನೊಂದು ಚಳಿಗಾಲ ನೋಡೋಣ ಎನ್ನುವುದಾದರೆ, ಅಲ್ಲಿಯ ಯಾವುದಾದರೂ ಮಸೀದಿಗೆ ಹೋಗು. ಅಲ್ಲಿ ಡಬ್ಬಿ ಇರುವುದಿಲ್ಲವೇನೋ. ಬಾಯಿಬಿಟ್ಟು ಹೇಳು. ನಮಗೆ ಮನೆಯಿಲ್ಲ, ಮಗುವಿದೆ ಎಂದು ಹೇಳು. ನಾನು ಹೇಳಿ ನೋಡಿದ್ದೇನೆ ಕಂದ, ಹೇಳಿದ ಮೇಲೆ ಸಂಜೆವರೆಗೆ ಸತ್ತ ಹಾಗಾಗುತ್ತದೆ. ಕತ್ತಲಾದ ಮೇಲೆ ಹಿತ್ತಲ ಬಾಗಿಲಿಗೆ ಯಾರಾದರೂ ಬರುತ್ತಾರೆ.

ರಜಾಯಿಯನ್ನು ಬಿಸಿಲಿಗೆ ಹಾಕಿ ತೆಗೆದಿದ್ದೇನೆ. ನಿನ್ನ ಹಳೇ ಮಂಚದ ಮೇಲೆ ಹಾಸಿದೆ. ಅದನ್ನು ಕಳಿಸಲು ಒಂದು ವಿಳಾಸ ಕೊಡು, ಇಲ್ಲವೇ ನೀನೇ ಬಂದು ಹೊದ್ದುಕೋ. ನಾಳೆ ಜುಮ್ಮಾ. ಚೀಟಿ ಬರೆಯುವುದಿಲ್ಲ, ಹೆದರಬೇಡ. ಒಂದು ಅಕ್ಷರ ಕಳಿಸು. ಬೈದರೂ ಆಗುತ್ತದೆ.

ಕಿಟಕಿ ಒಂದು ಬೆರಳು ತೆರೆದಿರಲಿ.

ನಿನ್ನದೇ ದಾರಿ ಕಾಯುತ್ತಾ,
ಅಮ್ಮಿ
(ದಿಲ್ಷಾದ್ ಬೇಗಂ)

ಕೊನೆಯ ಹಾಳೆಯ ಹಿಂದೆ, ಬುಷ್ರಾ ಬರೆಯುತ್ತಿರುವುದು:

ಆಪಾ, ಓದಬೇಡ ಅಂದಿದ್ದರು, ಓದಿದೆ. ಅಮ್ಮಿ ಬರೆಯದೇ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಅಬ್ಬಾ ಯಾವ ಹಣವನ್ನೂ ಇಟ್ಟಿರಲಿಲ್ಲ. ಚಿಂತಾಮಣಿಯವರು ಸೋಮವಾರವೇ ಬೇಡ ಎಂದು ಹೇಳಿಕಳಿಸಿದರು. ಶಾದಿಮಹಲಿನ ಅಡ್ವಾನ್ಸ್ ವಾಪಸು ಬಂತು, ನನ್ನ ಬಳೆ ಹಾರ ನಾನೇ ಅಂಗಡಿಗೆ ಮಾರಿ ಬಂದೆ, ಟಿಕೆಟ್ಟಿನ ಹಣ ಅದೇ. ಅರ್ಮಾನ್‌ಗೆ ಬೇಕಾಗಿದ್ದು ನಾನಲ್ಲ, ವೀಸಾ. ತಪ್ಪಿಸಿಕೊಂಡೆ ಅಂತ ನಗು. ನಾನು ನಗುತ್ತಿದ್ದೇನೆ.

ಇನ್ನೊಂದು. ಎರಡು ಗೆರೆ ಬಂದಿವೆ ಎಂದು ಅಮ್ಮಿಗೆ ನಾನು ಹೇಳಿದ್ದು ಸುಳ್ಳು. ಶನಿವಾರದಿಂದ ಒಂದೇ ಗೆರೆ. ನಿನ್ನದೂ, ಜಾಹಿದ್ ಭಾಯಿಯದೂ. ಇಬ್ಬರ ಫೋನೂ ಸ್ವಿಚ್ ಆಫ್. ಅಮ್ಮಿ ಆ ಹುಡುಗನ ಮುಖದ ಬಗ್ಗೆ ಬರೆದದ್ದನ್ನು ಓದಿದ ಮೇಲೆ ನಿಮ್ಮನ್ನು ಹುಡುಕಲು ಕೂತೆ.

ಅಲ್ಫಿಯಾ ಸ್ವೆಟರಿನ ಮೇಲೆ ಸ್ಕೂಲಿನ ಹೆಸರಿತ್ತು. ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇತ್ತು. ನಂಬರ್ ಹುಡುಕಿ ಈಗ ಸಂಜೆ ಫೋನ್ ಮಾಡಿದೆ, ಅಲ್ಲಿ ಬೆಳಿಗ್ಗೆ. ನನ್ನ ಇಂಗ್ಲಿಷಿಗೆ ಆಫೀಸಿನ ಹೆಂಗಸು ಎಷ್ಟು ತಾಳ್ಮೆಯಿಂದ ಕಿವಿಕೊಟ್ಟರೋ. ಆ ಮಗು ನಮ್ಮಲ್ಲಿದೆ ಎಂದೂ ಹೇಳುವಂತಿಲ್ಲ, ಇಲ್ಲ ಎಂದೂ ಹೇಳುವಂತಿಲ್ಲ, ರೂಲ್ಸು ಎಂದರು. ನಾನು ಅತ್ತುಬಿಟ್ಟೆ. ಆಗ ಅವರು, ಪುಟಗಳನ್ನು ಮೇಲ್ ಮಾಡು, ಪ್ರಿಂಟ್ ತೆಗೆಯುತ್ತೇನೆ, ಯಾರ ಬ್ಯಾಗಿಗೆ ಹಾಕಬೇಕು ಎಂದು ನನಗೆ ಗೊತ್ತು ಎಂದರು. ಆಮೇಲೆ, ಆ ಮಗು ಸ್ಕೂಲಿಗೆ ಬಂದ ದಿನ ಹಾಕುತ್ತೇನೆ, ಎಂದರು. ಇವತ್ತು ಬಂದಿದೆಯಾ ಎಂದು ಕೇಳಿದೆ. ಹೇಳಲಿಲ್ಲ.

ಆಪಾ, ನೀನು ಇದನ್ನು ಓದುತ್ತಿದ್ದೀಯ ಎಂದರೆ ಅಲ್ಫಿಯಾ ಸ್ಕೂಲಿಗೆ ಬಂದಿದ್ದಾಳೆ. ಬ್ಯಾಗು ಬಿಚ್ಚಿದ್ದೀಯ. ನನ್ನ ಸುಳ್ಳನ್ನು ನಿಜ ಮಾಡು. ಅಮ್ಮಿ ಆಚೆ ಕೋಣೆಯಲ್ಲಿ ಫೋನ್ ನೋಡುತ್ತಾ ಕೂತಿದ್ದಾರೆ.